ರಂಗೋಲಿಯಲ್ಲಿ ಗುರುತಿಸಿದ ನೆರಳು: ಪುಣೆಯ ಒಂದು ಟೆರೇಸಿನ ಚಳಿಗಾಲದ ತರಕಾರಿ ಪ್ರಕರಣ

ಡಿಸೆಂಬರ್ ಎರಡನೇ ವಾರದ ಒಂದು ಸಂಜೆ ಫೋನ್ ಬಂತು. "ಏನ್ ಹಾಕಿದ್ರೂ ಮ್ಯಾಲೆ ಏಳವಲ್ಲುವು ನೋಡ್ರಿ. ಥಂಡಿ ಬಡದದ ಅಂತ ಕಾಣಸ್ತದ." ಆ ಕಡೆಯಿಂದ ಮಾತಾಡುತ್ತಿದ್ದವರು ವಿಜಯಪುರ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಬಹುಕಾಲ ಕನ್ನಡ ಕಲಿಸಿ ನಿವೃತ್ತರಾಗಿ, ಮಗನ ಮನೆಗೆಂದು ಪುಣೆಗೆ ಬಂದು ನೆಲೆಸಿದವರು. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಕರೆಯುವಂತೆ ಇಲ್ಲಿಯೂ ಅವರನ್ನು ಅಕ್ಕೋರು ಎಂದೇ ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಬಡಾವಣೆಯ ಹೆಸರು ಬಿಟ್ಟಿದ್ದೇನೆ, ಮನೆಯವರ ಕೆಲವು ವಿವರ ಬದಲಿಸಿದ್ದೇನೆ. ಗಿಡಗಳ ವಿವರ, ದಿನ, ಅಳತೆ ಮಾತ್ರ ಅವರ ನೋಟುಪುಸ್ತಕದಲ್ಲಿ ಇದ್ದ ಹಾಗೇ ಇವೆ. ಶಾಲೆಯ ಹಾಜರಿ ಪುಸ್ತಕದಂತೆ ಗೆರೆ ಎಳೆದು, ಬಿತ್ತಿದ್ದು, ಮೊಳೆತದ್ದು, ಸತ್ತದ್ದು ಎಲ್ಲವನ್ನೂ ಅವರು ಬರೆದಿಟ್ಟಿದ್ದರು. ಆ ಪುಸ್ತಕ ಇಲ್ಲದಿದ್ದರೆ ಈ ಪ್ರಕರಣವನ್ನು ಬರೆಯಲು ಆಗುತ್ತಿರಲಿಲ್ಲ.

ಅಂದು ಫೋನಿನಲ್ಲಿ ನಾನು ಕೊಟ್ಟ ಸಲಹೆ ತಪ್ಪಾಗಿತ್ತು. ಅದನ್ನೂ ಮುಂದೆ ಹೇಳುತ್ತೇನೆ.

ಹಿನ್ನೆಲೆ

ಮೂರು ಅಂತಸ್ತಿನ ಹಳೆಯ ಸೊಸೈಟಿ. ಟೆರೇಸ್ ಎಲ್ಲರದೂ. ಜೂನ್‌ನಲ್ಲಿ ಅಕ್ಕೋರು ತರಕಾರಿ ಬೆಳೆಯಲು ಕೇಳಿದಾಗ ಸೊಸೈಟಿಯವರು ಎರಡು ಷರತ್ತು ಹಾಕಿ ಒಪ್ಪಿದರು. ಭಾರ ಗೋಡೆ ಮತ್ತು ತೊಲೆಗಳ ಮೇಲೆ ಬೀಳುವಂತೆ ಚೀಲಗಳು ಅಂಚಿನಲ್ಲೇ ಇರಬೇಕು, ನೀರು ನಿಲ್ಲಬಾರದು. ಎರಡೂ ನ್ಯಾಯವಾದವೇ. ಉತ್ತರದ ಅಂಚಿನ ಕೆಳಗಿನ ಮನೆಯಲ್ಲಿ ಹಿಂದೊಮ್ಮೆ ಸೋರಿತ್ತು, ಹಾಗಾಗಿ ಅಲ್ಲಿ ಬೇಡವೆಂದರು. ನಲ್ಲಿ ಇದ್ದದ್ದು ದಕ್ಷಿಣದ ಅಂಚಿನಲ್ಲಿ. ಹೀಗೆ 12 ಇಂಚಿನ 26 ಗ್ರೋ ಬ್ಯಾಗುಗಳು ದಕ್ಷಿಣದ ಮೋಟುಗೋಡೆಗೆ ಒತ್ತಿ ಸಾಲಾಗಿ ನಿಂತವು. ಗೋಡೆಯ ಎತ್ತರ ಮೂರೂವರೆ ಅಡಿ. ನೈಋತ್ಯ ಮೂಲೆಯಲ್ಲಿ ನೀರಿನ ಟ್ಯಾಂಕು, ಅದರ ನೆತ್ತಿ ಟೆರೇಸಿನಿಂದ 10 ಅಡಿ.

ಜೂನ್, ಜುಲೈಗಳಲ್ಲಿ ಈ ಜಾಗದಲ್ಲಿ ದೋಷ ಹುಡುಕಲು ಯಾರಿಗೂ ಆಗುತ್ತಿರಲಿಲ್ಲ. ಪುಣೆ ಇರುವುದು 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜುಲೈ ಕೊನೆಯ ಹೊತ್ತಿಗೆ ಸೂರ್ಯ ಇಲ್ಲಿ ನೆಟ್ಟಗೆ ನೆತ್ತಿಯ ಮೇಲೆ ಹಾಯುತ್ತಾನೆ, ಮೋಡ ಸರಿದ ಮಧ್ಯಾಹ್ನ ಗೋಡೆಗೆ ನೆರಳೇ ಇರುವುದಿಲ್ಲ. ಮಳೆಗಾಲದಲ್ಲಿ ನೆಟ್ಟ ನಾಲ್ಕು ಬದನೆ, ಆರು ಮೆಣಸು, ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ಊರಿನಿಂದ ತಂದ ಬೀಜದ ಚಪ್ಪರದ ಅವರೆ, ಎಲ್ಲ ಚೆನ್ನಾಗಿ ಬಂದವು. ಕೈಯಾರೆ ಬೆಳೆದು ಗೊತ್ತಿಲ್ಲದವರಿಗೆ ಮೊದಲ ಹಂಗಾಮೇ ಒಲಿದಿತ್ತು.

ಆಗ ಅವರು ಒಂದು ಆಸೆ ಇಟ್ಟುಕೊಂಡರು. ಸಂಕ್ರಾಂತಿಯ ಹಿಂದಿನ ದಿನದ ಭೋಗಿಗೆ ಸಜ್ಜಿ ರೊಟ್ಟಿಯ ಜೊತೆ ಮಾಡುವ ಭೋಗಿ ಪಲ್ಲೆಗೆ ಬೇಕಾದ ಬದನೆ, ಅವರೆ, ಗಜ್ಜರಿ (ಕ್ಯಾರೆಟ್), ಬಟಾಣಿ, ಮೆಂತೆ ಅಷ್ಟೂ ಟೆರೇಸಿನಿಂದಲೇ ಬರಬೇಕು. ಇಲ್ಲಿ ಮಹಾರಾಷ್ಟ್ರದವರೂ ಆ ದಿನ ಬಾಜ್ರಿ ಭಾಕರಿಯ ಜೊತೆ ಭೋಗಿಯ ಭಾಜಿ ಮಾಡುತ್ತಾರೆ. ಪಕ್ಕದ ಮನೆಯವರಿಗೂ ಒಂದು ಬಟ್ಟಲು ಕೊಡುವುದಾಗಿ ಮಾತು ಕೊಟ್ಟಿದ್ದರು.

ತೊಂದರೆ

ಬಿತ್ತನೆ ಅಕ್ಟೋಬರ್ ಮೊದಲ ವಾರದಲ್ಲಿ ಆಗಬೇಕಿತ್ತು. ಅಕ್ಟೋಬರ್ ಬಿಸಿಲು ಇಳಿಯಲಿ ಎಂದು ಕಾದರು, ಅಷ್ಟರಲ್ಲಿ ದೀಪಾವಳಿಗೆ ಊರಿಗೆ ಹೋದರು. ಮೆಂತೆ, ಪಾಲಕ್, ಕೊತ್ತಂಬರಿ, ಮೂಲಂಗಿ, ಗಜ್ಜರಿ, ಬಟಾಣಿ, ಟೊಮೆಟೊ, ಬೆಂಡೆ ಎಲ್ಲವೂ ಮಣ್ಣಿಗೆ ಬಿದ್ದದ್ದು ನವೆಂಬರ್ 14ರಿಂದ 20ರ ಒಳಗೆ. ಜೊತೆಗೆ ನರ್ಸರಿಯೊಂದರಿಂದ ತಂದ, ತಳಿಯ ಹೆಸರಿಲ್ಲದ ಎಂಟು ಹೂಕೋಸಿನ ಸಸಿ.

ಡಿಸೆಂಬರ್ 10ರ ಪುಟದಲ್ಲಿ ಅವರು ಬರೆದದ್ದು ಹೀಗೆ: ಮೆಂತೆ ಕಡ್ಡಿಯಂತೆ ಉದ್ದವಾಗಿ ಒಂದೇ ಕಡೆ ವಾಲಿದೆ. ಮೂಲಂಗಿಗೆ ಮೂರು ಇಂಚಿನ ಎಲೆ, ಕೆಳಗೆ ದಾರದಂಥ ಬೇರು. ಟೊಮೆಟೊ ಸಸಿ 24ರಲ್ಲಿ 15 ಬುಡದಲ್ಲಿ ಕರಗಿ ಮಲಗಿವೆ. ಬೆಂಡೆ ಒಂದೂ ಮೊಳೆತಿಲ್ಲ. ಪಾಲಕ್ ಹಳದಿ. ಬದನೆ ಚೆನ್ನಾಗಿದೆ.

ಈ ಕೊನೆಯ ಮಾತನ್ನು ಅವರೂ ಕಡೆಗಣಿಸಿದರು, ಫೋನಿನಲ್ಲಿ ಕೇಳಿದ ನಾನೂ ಕಡೆಗಣಿಸಿದೆ. ಬದನೆ ಚಳಿಗೆ ಮೂಲಂಗಿಗಿಂತ ಹೆಚ್ಚು ಅಂಜುವ ಗಿಡ. ರಾತ್ರಿ 15 ಡಿಗ್ರಿಗಿಂತ ಕೆಳಗಿಳಿದರೆ ಅದರ ಬೆಳವಣಿಗೆ ಮಂದವಾಗುತ್ತದೆ. ಮೂಲಂಗಿ, ಮೆಂತೆ, ಬಟಾಣಿಗಳಿಗೋ ಪುಣೆಯ ಚಳಿ ಹೇಳಿ ಮಾಡಿಸಿದ ಹವೆ. ಬೆಳಗಿನ ಜಾವ 10, 11 ಡಿಗ್ರಿ, ಮಧ್ಯಾಹ್ನ 28, 29. ಚಳಿಯೇ ಕಾರಣವಾಗಿದ್ದರೆ ಮೊದಲು ಬದನೆ ಕೂರಬೇಕಿತ್ತು, ಮೂಲಂಗಿ ಮೆರೆಯಬೇಕಿತ್ತು. ಒಂದೇ ಸಾಲಿನಲ್ಲಿ ಎಲ್ಲ ತಿರುಗುಮುರುಗಾಗಿತ್ತು, ನಾವಿಬ್ಬರೂ ಚಳಿ ಚಳಿ ಎನ್ನುತ್ತಿದ್ದೆವು.

ಮಾಡಿ ನೋಡಿದ್ದು

ಮೊದಲು ನೀರು. ಎಲೆ ಹಳದಿಯಾದದ್ದು ನೀರು ಸಾಲದೆ ಎಂದು ಎಣಿಸಿ, ಅಕ್ಟೋಬರಿನಂತೆಯೇ ದಿನಕ್ಕೆರಡು ಸಲ ಹಾಕುತ್ತ ಹೋದರು. ಮೇಲಿನ ಪದರ ಒಣಗಿದಂತೆ ಕಂಡರೂ ಬೆರಳು ತೂರಿಸಿದರೆ ಒಳಗೆ ಕೆಸರು. ಟೊಮೆಟೊ ಸಸಿಗಳ ಬುಡ ಕೊಳೆತದ್ದು ಇದರಿಂದಲೇ.

ಆಮೇಲೆ ನನ್ನ ಸಲಹೆ. "ಚಳಿಗೆ ಬೇರು ಮಂದ ಆಗಿರತಾವ, ಶೇಂಗಾ ಹಿಂಡಿ ನೆನೆಸಿ ತಿಳಿ ಮಾಡಿ ಹಾಕ್ರಿ" ಎಂದಿದ್ದೆ. ಹತ್ತು ವರ್ಷದಿಂದ ಇದೇ ಊರಿನಲ್ಲಿ ಟೆರೇಸಿನ ಮೇಲೆ ಬೆಳೆಯುತ್ತಿರುವ ನಾನು ಜಾಗ ನೋಡದೆ ಹಾಗೆ ಹೇಳಬಾರದಿತ್ತು. ಕೆಸರಾದ ಮಣ್ಣಿಗೆ ಹಿಂಡಿ ನೀರು ಬಿದ್ದು ಚೀಲಗಳು ನಾರತೊಡಗಿದವು, ಸಣ್ಣ ಕಪ್ಪು ನೊಣ ಏಳತೊಡಗಿದವು. ಮೂರನೇ ಮಹಡಿಯಿಂದ ವಾಸನೆಯ ದೂರು ಬಂತು. ಒಂದು ಹಂತದಲ್ಲಿ ಅಕ್ಕೋರು ಎಲ್ಲ ಬಿಟ್ಟುಬಿಡುವ ಮಾತಾಡಿದರು, ಅದರಲ್ಲಿ ನನ್ನ ಪಾಲೂ ಇತ್ತು.

ಮೂರನೆಯದು ಪ್ಲಾಸ್ಟಿಕ್. ಮಗ ಪಾರದರ್ಶಕ ಹಾಳೆ ತಂದು ಕಂಬಿ ನೆಟ್ಟು ಏಳು ಚೀಲಗಳ ಮೇಲೆ ಗುಡಾರ ಕಟ್ಟಿಕೊಟ್ಟ. ಹಿಮ ಬೀಳುವ, ನೆಲ ಹೆಪ್ಪುಗಟ್ಟುವ ಸೀಮೆಗೆ ಆ ಉಪಾಯ ಸರಿ. ಹಗಲು 29 ಡಿಗ್ರಿ ಮುಟ್ಟುವ ಪುಣೆಯಲ್ಲಿ ಒಳಗೆ ಹನಿಗಟ್ಟಿದ ಆವಿ ಎಲೆಗಳ ಮೇಲೆ ಸುರಿಯುತ್ತಿತ್ತು. ನಾಲ್ಕನೇ ದಿನ ಕೊತ್ತಂಬರಿ ಕೊಳೆತು, ಉಳಿದ ಟೊಮೆಟೊ ಸಸಿಗಳಲ್ಲಿ ಐದು ಹೋದವು. ಹಾಳೆ ತೆಗೆದರು.

ಕುರ್ಚಿ ಸರಿಸಿದ ಬೆಳಿಗ್ಗೆ

ಡಿಸೆಂಬರ್ 22ರ ಹೊತ್ತಿಗೆ ನಾನು ಅವರ ಮನೆಗೆ ಹೋದೆ. ಹನ್ನೊಂದು ಗಂಟೆ. ಟೆರೇಸಿಗೆ ಚಹಾ ತಂದರು. ಕುರ್ಚಿಗಳು ದಕ್ಷಿಣದ ಗೋಡೆಯ ಹತ್ತಿರ, ಚೀಲಗಳ ಮಗ್ಗುಲಲ್ಲೇ ಇದ್ದವು. ಅಕ್ಕೋರು ಒಂದು ಕುರ್ಚಿ ಎತ್ತಿ ನಡುವಿಗೆ ಎಳೆಯುತ್ತ, "ಇಲ್ಲಿ ಥಂಡಿ, ಬಿಸಿಲಿಗೆ ಕೂಡೂಣು ಬರ್ರಿ" ಎಂದರು. ನಾವು ಎದ್ದು ಬಿಸಿಲಿಗೆ ಹೋದೆವು. ಕಪ್ಪು ಬಾಯಿಗೆ ಹೋಗುವ ಮೊದಲೇ ಇಬ್ಬರಿಗೂ ಹೊಳೆಯಿತು. ಚೀಲಗಳಷ್ಟೂ ನೆರಳಲ್ಲಿದ್ದವು. ಎರಡೂವರೆ ಅಡಿ ಬೆಳೆದಿದ್ದ ಬದನೆಗಳ ತಲೆ ಮಾತ್ರ ನೆರಳಿನ ಗೆರೆ ದಾಟಿ ಬಿಸಿಲಲ್ಲಿತ್ತು.

ಅವರು ಒಳಗೆ ಹೋಗಿ ರಂಗೋಲಿ ಡಬ್ಬಿ ತಂದರು. ಗೋಡೆಯ ನೆರಳು ಮುಗಿಯುವ ಕಡೆ ಒಂದು ಗೆರೆ, ಟ್ಯಾಂಕಿನ ನೆರಳಿಗೆ ಇನ್ನೊಂದು, ಪಕ್ಕದಲ್ಲಿ ಗಂಟೆ. ಆ ಇಡೀ ದಿನ, ಮರುದಿನವೂ, ಎರಡೆರಡು ತಾಸಿಗೆ ಹೀಗೆ ಗುರುತಿಸಿದರು. ಬಂದ ಲೆಕ್ಕ ಇದು. ಪುಣೆಯ ಗಡಿಯಾರದಲ್ಲಿ ಸೂರ್ಯ ಅತಿ ಎತ್ತರಕ್ಕೆ ಏರುವುದು ಸುಮಾರು ಹನ್ನೆರಡೂವರೆಗೆ. ಡಿಸೆಂಬರ್ ಕೊನೆಯಲ್ಲಿ ಆ ಎತ್ತರ 48 ಡಿಗ್ರಿ ಮಾತ್ರ, ಅದೂ ದಕ್ಷಿಣದ ಕಡೆ. ಮೂರೂವರೆ ಅಡಿ ಗೋಡೆಯ ನೆರಳು ನೆಲದ ಮೇಲೆ ಮೂರು ಅಡಿಗೂ ಮಿಕ್ಕಿ ಚಾಚುತ್ತದೆ. ಅತ್ಯಂತ ಗಿಡ್ಡ ನೆರಳೇ ಇದು, ಬೆಳಿಗ್ಗೆ ಮತ್ತು ಸಂಜೆ ಇನ್ನೂ ಉದ್ದ. ಗೋಡೆಗೆ ಒತ್ತಿದ ಒಂದಡಿ ಎತ್ತರದ ಚೀಲದಲ್ಲಿ ನಿನ್ನೆ ಮೊನ್ನೆ ಮೊಳೆತ ಸಸಿಗೆ ದಿನವಿಡೀ ನೇರ ಬಿಸಿಲು ಒಂದು ನಿಮಿಷವೂ ಸಿಗುವುದಿಲ್ಲ. ಟ್ಯಾಂಕಿನ ನೆರಳು ಮೂರೂವರೆ ಗಂಟೆಗೆ 18 ಅಡಿ ಉದ್ದವಾಗಿ ಈಶಾನ್ಯಕ್ಕೆ ಮಲಗಿತ್ತು.

"ದಕ್ಷಿಣಾಯನ, ಉತ್ತರಾಯಣ ಅಂತ ಎಷ್ಟು ವರ್ಷ ಹುಡುಗರಿಗೆ ಬಾಯಿಪಾಠ ಮಾಡಿಸೀನಿ" ಎಂದು ಅಕ್ಕೋರು ಬಹಳ ಹೊತ್ತು ಸುಮ್ಮನೆ ನಿಂತರು. ಅವರ ತವರು ಎರೆ ಭೂಮಿಯ ಸೀಮೆ. ಹಿಂಗಾರಿ ಜೋಳ, ಕಡಲೆ, ಕುಸುಬಿ ನಿಂತ ಬಯಲಿನಲ್ಲಿ ಹುಟ್ಟಿ ಬೆಳೆದವರು. ಹೊಲಕ್ಕೆ ಗೋಡೆ ಇರುವುದಿಲ್ಲ. ಸೂರ್ಯ ಯಾವ ಕಡೆ ವಾಲಿದರೂ ಬೆಳೆಗೆ ಬಿಸಿಲು ಕಡಿಮೆಯಾಗುವುದಿಲ್ಲ. ಅಪ್ಪ, ಅಣ್ಣಂದಿರ ಬಾಯಲ್ಲಿ ಮಳೆ, ಹಸಿ, ಇಬ್ಬನಿ, ಥಂಡಿ ಇವುಗಳ ಮಾತು ದಿನವೂ ಕೇಳಿದ್ದರು, ನೆರಳಿನ ಮಾತು ಕೇಳಿರಲಿಲ್ಲ. ಅವರ ತಿಳಿವಳಿಕೆ ಸುಳ್ಳಾಗಿರಲಿಲ್ಲ, ಬಯಲಿಗೆ ಸೇರಿದ್ದಾಗಿತ್ತು.

ಏನನ್ನು ಉಳಿಸುವುದು

ಆ ಸಂಜೆಯ ಮಾತುಕತೆಯೇ ಈ ಪ್ರಕರಣದ ಮುಖ್ಯ ಭಾಗ ಎಂದು ನನಗೆ ಅನ್ನಿಸುತ್ತದೆ. ರಂಗೋಲಿಯ ಗೆರೆಗಳ ಪ್ರಕಾರ ಒಳ್ಳೆಯ ಬಿಸಿಲು, ಅಂದರೆ ಆರರಿಂದ ಏಳು ತಾಸು, ಬೀಳುತ್ತಿದ್ದದ್ದು ಉತ್ತರದ ಅಂಚಿನಲ್ಲಿ. ಅಲ್ಲಿ ಸೊಸೈಟಿಯ ಅಡ್ಡಿ. ಪೂರ್ವದ ಅಂಚಿನ ಉತ್ತರದ ಅರ್ಧಕ್ಕೆ ಐದು ತಾಸು. ಅಲ್ಲಿ ಹತ್ತು ಚೀಲ ಹಿಡಿಯುತ್ತಿದ್ದವು. ಮಿಕ್ಕವುಗಳನ್ನು ಏನು ಮಾಡುವುದು?

ನನ್ನ ಮೊದಲ ಮಾತು ಎಲ್ಲವನ್ನೂ ಕಿತ್ತು ಹೊಸದಾಗಿ ಬಿತ್ತೋಣ ಎಂಬುದು. ಅಕ್ಕೋರು ಒಪ್ಪಲಿಲ್ಲ, ಅವರದೇ ಸರಿ. ನೋಟುಪುಸ್ತಕ ತೆರೆದು ಒಂದೊಂದು ಬೆಳೆಗೂ ಭೋಗಿಗೆ ಉಳಿದ ದಿನ ಎಣಿಸಿದರು. 22 ದಿನ. ಹೊಸದಾಗಿ ಬಿತ್ತಿದರೆ ಅಷ್ಟರಲ್ಲಿ ಕೈಗೆ ಬರಬಹುದಾದದ್ದು ಮೆಂತೆ ಒಂದೇ, ಅದೂ ಎಳೆಯದು. ಮೂಲಂಗಿಗೆ 40, 45 ದಿನ ಬೇಕು, ಗಜ್ಜರಿಗೆ 90ರ ಹತ್ತಿರ. ಹಾಗಾಗಿ ಮೂಲಂಗಿ, ಬಟಾಣಿ, ಗಜ್ಜರಿ, ಉಳಿದ ನಾಲ್ಕು ಟೊಮೆಟೊ ಪೂರ್ವಕ್ಕೆ. ಮೆಂತೆ ಹೊಸದಾಗಿ, ದಟ್ಟವಾಗಿ, ಅದರ ಪಕ್ಕದ ಚೀಲಗಳಲ್ಲಿ. ಪಾಲಕ್ ಅರೆ ನೆರಳಿನಲ್ಲೂ ಎಲೆ ಕೊಡುತ್ತದೆ, ಅದು ದಕ್ಷಿಣದಲ್ಲೇ ಇರಲಿ, ಆದರೆ ಎತ್ತರಕ್ಕೆ ಏರಲಿ. ಹಳೆಯ ಕಬ್ಬಿಣದ ಮಂಚದ ಕಾಲುಗಳ ಮೇಲೆ ಹಲಗೆ ಹಾಕಿ ಆರು ಚೀಲಗಳನ್ನು ಎರಡೂವರೆ ಅಡಿ ಎತ್ತಿದರು. ಮಣ್ಣಿನ ಮಟ್ಟ ಗೋಡೆಯ ತಲೆಗೆ ಸಮ ಬಂತು. ಜಾಗ ಬದಲಿಸದೆಯೇ ಬಿಸಿಲು ಸಿಕ್ಕಿತು, ಖರ್ಚೂ ಆಗಲಿಲ್ಲ. ಜಾಗವೇ ಇಲ್ಲದವರು ಇದನ್ನು ಗಮನಿಸಬೇಕು. ಬೆಂಡೆಯ ಆಸೆ ಕೈಬಿಟ್ಟರು. ಬೆಂಡೆ ಬೀಜಕ್ಕೆ ಬೆಚ್ಚಗಿನ ಮಣ್ಣು ಬೇಕು, ನವೆಂಬರ್ ಕೊನೆಯ ನೆರಳಿನ ಕೆಸರಿನಲ್ಲಿ ಅದು ಕೊಳೆತೇ ಹೋಗಿತ್ತು.

ನೀರು ಕುಡಿದ ಒಂದೊಂದು ಚೀಲ 20 ಕಿಲೋಗೂ ಹೆಚ್ಚು ಭಾರ. ಎತ್ತಲು ಆಗದೆ, ಎರಡು ದಿನ ನೀರು ನಿಲ್ಲಿಸಿ ಹಗುರಾದ ಮೇಲೆ ಸರಿಸಿದರು. ಇದರಿಂದ ಲೆಕ್ಕದಲ್ಲಿ ಒಂದು ತೊಡಕು ಬಂತು. ಗಿಡ ಚೇತರಿಸಿಕೊಂಡರೆ ಅದು ಬಿಸಿಲಿನಿಂದಲೋ, ನೀರು ಕಡಿಮೆ ಮಾಡಿದ್ದರಿಂದಲೋ? ಅಕ್ಕೋರು ತಾವಾಗಿಯೇ ಎರಡು ಮೂಲಂಗಿ ಚೀಲಗಳನ್ನು ಹಳೆಯ ಜಾಗದಲ್ಲೇ ಬಿಟ್ಟು, ಬೆರಳು ತೂರಿಸಿ ನೋಡಿ ಮಾತ್ರ ನೀರು ಹಾಕಿದರು. ಶಿಕ್ಷಕಿಯ ಈ ಎಚ್ಚರ ನನಗೆ ಹೊಳೆದಿರಲಿಲ್ಲ.

ಆದದ್ದು

ಒಂದು ವಾರಕ್ಕೆ ಎರಡೂ ಕಡೆ ಹಳದಿ ಕಡಿಮೆಯಾಯಿತು. ಅಂದರೆ ಅರ್ಧ ಕಾಯಿಲೆ ನೀರಿನದೇ. ಆದರೆ ಬೆಳವಣಿಗೆ ಬೇರೆಯಾಯಿತು. ಪೂರ್ವಕ್ಕೆ ಹೋದ ಮೂಲಂಗಿ ಮೂರನೇ ವಾರಕ್ಕೆ ಹೆಬ್ಬೆರಳ ಗಾತ್ರ ಮೀರಿತು. ನೆರಳಿನ ಎರಡು ಚೀಲಗಳಲ್ಲಿ ಹಸಿರು ಎಲೆ ಬಂತು, ಗಡ್ಡೆ ಕಟ್ಟಲೇ ಇಲ್ಲ.

ಬಟಾಣಿ ಹೂ ಬಿಡುವ ಹೊತ್ತಿಗೆ ಎಲೆಗಳ ಮೇಲೆ ಬೂದಿ ಎರಚಿದಂತೆ ಬಿಳಿ ಹಿಡಿಯಿತು. ಒಣ ಹಗಲು, ತಂಪು ರಾತ್ರಿಗೆ ಬೂದಿ ರೋಗ ಬರುವುದು ಸಾಮಾನ್ಯ. ಕೆಳಗಿನ ಎಲೆ ಚಿವುಟಿ, ನೀರು ಬೆರೆಸಿದ ಹಾಲು ಮೂರು ದಿನಕ್ಕೊಮ್ಮೆ ಸಿಂಪಡಿಸಿದರು, ರೋಗ ಹೋಗಲಿಲ್ಲ, ಹಬ್ಬುವುದು ತಡೆಯಿತು.

ಅವರೆಯ ಕಥೆ ಬೇರೆ. ಊರಿನ ಹಳೆಯ ತಳಿಯ ಅವರೆ ಹಗಲು ಗಿಡ್ಡವಾಗದೆ ಹೂ ಬಿಡುವುದಿಲ್ಲ. ವರ್ಷವಿಡೀ ಬಿತ್ತಬಹುದಾದ ಹೆಬ್ಬಾಳ ಅವರೆಯಂಥ ತಳಿಗಳು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬಂದಿವೆ, ಆದರೆ ಇದು ಅಂಥದ್ದಲ್ಲ. ಟ್ಯಾಂಕಿನ ಏಣಿ ಹತ್ತಿ ಮೇಲೆ ಹಬ್ಬಿದ್ದರಿಂದ ಅದಕ್ಕೆ ಬಿಸಿಲಿನ ಕೊರತೆಯೂ ಇರಲಿಲ್ಲ. ಡಿಸೆಂಬರಿನಲ್ಲಿ ಗೊಂಚಲು ಗೊಂಚಲು ಹೂ ಬಿಟ್ಟಿತು, ಹಿಂದೆಯೇ ಗಿಡಹೇನು ಮುತ್ತಿತು. ಬೇವಿನ ಎಣ್ಣೆ, ಒಂದು ಲೀಟರಿಗೆ ಐದು ಮಿಲಿ, ಸ್ವಲ್ಪ ಸಾಬೂನಿನ ನೀರು ಸೇರಿಸಿ ಹೊಡೆದರು. ಅದರ ಜೊತೆಗೆ ಹೇನಿನ ನಡುವೆ ಓಡಾಡುತ್ತಿದ್ದ ಮುಳ್ಳುಮುಳ್ಳಾದ ಕಪ್ಪು ಹುಳುಗಳನ್ನು, ಮೈಮೇಲೆ ಕಿತ್ತಳೆ ಚುಕ್ಕೆ ಇದ್ದವನ್ನು, ಅವೇ ಕೇಡಿನ ಮೂಲವೆಂದು ಒಂದೊಂದಾಗಿ ಹೆಕ್ಕಿ ಕೊಂದರು. ಸುಮಾರು ಮೂವತ್ತು. ಫೋಟೊ ಕಳಿಸಿದಾಗ ನನ್ನ ಎದೆ ಧಸಕ್ಕೆಂದಿತು. ಅವು ಗುಲಗಂಜಿ ಹುಳುವಿನ ಮರಿಗಳು, ದಿನವಿಡೀ ಹೇನು ತಿಂದು ಬದುಕುವವು. ಹೇಳಿದ ಮೇಲೆ ಅಕ್ಕೋರು ಬಹಳ ನೊಂದರು. ಎಣ್ಣೆ ನಿಲ್ಲಿಸಿದರು, ಹೇನು ದಟ್ಟವಾಗಿದ್ದ ತುದಿಗಳನ್ನು ಮಾತ್ರ ಕತ್ತರಿಸಿದರು. ಹತ್ತು ದಿನಕ್ಕೆ ಮರಿಗಳು ಮತ್ತೆ ಕಂಡವು.

ಭೋಗಿಯ ದಿನ ಟೆರೇಸಿನಿಂದ ಇಳಿದದ್ದು: ಒಂಬತ್ತು ಬದನೆ, ಎರಡು ಬೊಗಸೆ ಅವರೆ, ಹನ್ನೊಂದು ಮೂಲಂಗಿ, ಬೊಗಸೆಗಿಂತ ಕಡಿಮೆ ಬಟಾಣಿ, ಒಂದು ದೊಡ್ಡ ಕಟ್ಟು ಎಳೆ ಮೆಂತೆ. ಗಜ್ಜರಿ, ಹಸಿ ಕಡಲೆ ಮಂಡಿಯಿಂದ ತಂದರು. ಪಕ್ಕದ ಮನೆಗೆ ಬಟ್ಟಲು ಹೋಯಿತು. ಉತ್ತರದ ಅಂಚಿನ ಕೆಳಗಿನ ಮನೆಯವರಿಗೂ ಹೋಯಿತು. ಫೆಬ್ರವರಿಯಲ್ಲಿ ಅವರೇ ಮೇಲೆ ಬಂದು, ಅಡಿಯಲ್ಲಿ ತಟ್ಟೆ ಇಡುವುದಾದರೆ ಆರು ಚೀಲ ಅಲ್ಲಿ ಇಟ್ಟುಕೊಳ್ಳಿ ಎಂದರು.

ಗಜ್ಜರಿ ಫೆಬ್ರವರಿ ಕೊನೆಗೆ ಕಿತ್ತಾಗ ಬಹಳಷ್ಟು ಕವಲೊಡೆದಿದ್ದವು. ಚೀಲ ಸರಿಸುವಾಗ ಕೆಲವನ್ನು ಕಿತ್ತು ನೆಟ್ಟಿದ್ದೇ ಕಾರಣ. ಗಜ್ಜರಿಯ ಬೇರು ಒಮ್ಮೆ ಅಲುಗಿದರೆ ನೆಟ್ಟಗೆ ಇಳಿಯುವುದಿಲ್ಲ. ಟೊಮೆಟೊ ಜನವರಿಯಲ್ಲಿ ಹೂ ಬಿಟ್ಟು ಉದುರಿಸಿತು, ರಾತ್ರಿ 12, 13 ಡಿಗ್ರಿಗಿಂತ ಕೆಳಗಿದ್ದಾಗ ಅದರ ಹೂ ಕಾಯಿ ಕಚ್ಚುವುದು ಕಷ್ಟ. ಚಳಿ ನಿಜವಾಗಿ ಕಾಡಿದ್ದು ಇಲ್ಲಿ ಮತ್ತು ಬೆಂಡೆಯಲ್ಲಿ, ಎರಡೇ ಕಡೆ. ಫೆಬ್ರವರಿ ಮಧ್ಯದಲ್ಲಿ ಮತ್ತೆ ಬಿತ್ತಿದ ಬೆಂಡೆ ಆರನೇ ದಿನಕ್ಕೆ ತಲೆ ಎತ್ತಿತು.

ಹಿಂತಿರುಗಿ ನೋಡಿದಾಗ

ಈ ಪ್ರಕರಣ ಓದುವ ಹೊಸಬರು ಒಂದು ಮಾತು ನೆನಪಿಡಲಿ ಎಂದು ನನ್ನ ಆಸೆ. ಸಂಕ್ರಾಂತಿಗೆ ಉತ್ತರಾಯಣ ಎನ್ನುತ್ತೇವೆ, ಆದರೆ ಆ ಹೊತ್ತಿಗೆ ಪುಣೆಯ ಮಧ್ಯಾಹ್ನದ ಸೂರ್ಯ ಡಿಸೆಂಬರ್ 21ಕ್ಕಿಂತ ಎರಡೇ ಡಿಗ್ರಿ ಮೇಲೇರಿರುತ್ತಾನೆ. ನೆರಳು ಕಣ್ಣಿಗೆ ಕಾಣುವಂತೆ ಹಿಂದೆ ಸರಿಯುವುದು ಫೆಬ್ರವರಿಯಲ್ಲಿ. ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ, ಅಂದರೆ ಚಳಿಗಾಲದ ತರಕಾರಿಯ ಇಡೀ ಬಾಳು, ಗೋಡೆಯ ಬುಡ ಕತ್ತಲೆಯಲ್ಲೇ ಕಳೆಯುತ್ತದೆ. ಮಳೆಗಾಲದಲ್ಲಿ ಗೆದ್ದ ಜಾಗವನ್ನೇ ಚಳಿಗೂ ನಂಬುವವರು ಬಹಳ, ನನಗೆ ಫೋನ್ ಮಾಡುವವರಲ್ಲಿ ಹೆಚ್ಚಿನವರು ಅವರೇ. ಈಗ ನಾನು ಯಾರಿಗೂ ಗೊಬ್ಬರದ ಮಾತು ಹೇಳುವ ಮೊದಲು, ಹನ್ನೆರಡೂವರೆಗೆ ಚೀಲದ ಫೋಟೊ ತೆಗೆದು ಕಳಿಸಿ ಎನ್ನುತ್ತೇನೆ.

ಬಿತ್ತನೆ ಆರು ವಾರ ತಡವಾದದ್ದು ನಷ್ಟ ಮಾಡಿತೇ ಎಂದು ಕೆಲವರು ಕೇಳಿದ್ದಾರೆ. ಮಾಡಿತು, ಗಜ್ಜರಿ ಮತ್ತು ಬಟಾಣಿಗೆ. ಆದರೆ ಅಕ್ಟೋಬರಿನಲ್ಲೇ ಬಿತ್ತಿದ್ದರೆ ಕೆಲವು ಸಸಿಗಳಾದರೂ ಗೋಡೆಯ ನೆರಳು ಮೀರುವಷ್ಟು ಎತ್ತರ ಬೆಳೆದು, ಕಾರಣ ಏನೆಂದು ನಮಗೆ ತಿಳಿಯದೆಯೇ ಹೋಗಬಹುದಿತ್ತು.

ಹೂಕೋಸಿನದು ಇನ್ನೂ ಇತ್ಯರ್ಥವಾಗಿಲ್ಲ. ಎಂಟೂ ಸಸಿಗಳು ಜನವರಿಯಲ್ಲಿ ಅಂಗಿಯ ಗುಂಡಿಯಷ್ಟು ಗಾತ್ರದ ಹೂ ಕಟ್ಟಿ ನಿಂತವು, ಪೂರ್ವಕ್ಕೆ ಸರಿಸಿದ ನಾಲ್ಕರಲ್ಲೂ ಅದೇ ಆಯಿತು. ಬೇಗ ನೆಡಬೇಕಾದ ತಳಿಯನ್ನು ತಡವಾಗಿ ನೆಟ್ಟರೆ ಹೀಗಾಗುತ್ತದೆ, ಎಳೆಯ ಗಿಡಕ್ಕೆ ಬಿಸಿಲು ಕೊರೆಯಾಗಿ ಬೆಳವಣಿಗೆ ಕುಂಠಿತವಾದರೂ ಹೀಗಾಗುತ್ತದೆ. ಈ ಸಲ ಅಕ್ಕೋರು ತಳಿಯ ಹೆಸರು ಬರೆದ ಚೀಟಿ ಇದ್ದ ಬೀಜವನ್ನೇ ತಂದಿದ್ದಾರೆ. ನಾಲ್ಕು ಉತ್ತರದ ಅಂಚಿಗೆ, ನಾಲ್ಕು ಮಂಚದ ಕಾಲಿನ ಮೇಲೆ. ನೋಟುಪುಸ್ತಕದಲ್ಲಿ ಎರಡು ಕಾಲಂ ಎಳೆದಿಟ್ಟಿದ್ದಾರೆ.